ಸುಮ್ಮನೆ ಹುಟ್ಟು ಹಾಕಲಿಕ್ಕೊಂದು ಸರೋವರ

ನಾವು ಗೌರವದಿಂದ ದೊನ್ಯಾ ಅನ್ನುವ ಎಡೆಲ್ಮಿರಾ ಚಿಲೊಯೆ ದ್ವೀಪ ಬಿಟ್ಟು ನಮ್ಮೂರಿಗೆ ಬಂದ ದಿನ ಲಾರಿಯಿಂದ ಮಂಚಕ್ಕಿಂತ ಮೊದಲು ಇಳಿದದ್ದು ಅವರ ದೋಣಿ. ಹಳದಿ ಬಣ್ಣದ ಮರದ ದೋಣಿ, ಮೋಟಾರಿಲ್ಲ, ಎರಡು ಹುಟ್ಟು. ಮಗಳು ಯಸ್ನಾಳ ಅಂಗಳದಲ್ಲಿ ಅದನ್ನಿಟ್ಟ ಮೇಲೆ ಕಾರಿಗೆ ಜಾಗ ಉಳಿಯಲಿಲ್ಲ. ಅಳಿಯ ಕಾರನ್ನು ಬೀದಿಯಲ್ಲಿ ನಿಲ್ಲಿಸಿ ಸುಮ್ಮನಾದ. ಯಸ್ನಾ ಸುಮ್ಮನಾಗುವ ಪೈಕಿಯಲ್ಲ. ಚೌಕದ ಹೋಟೆಲಿನವನು ಆಗಲೇ ದೋಣಿ ಕೇಳಿದ್ದ. ಐಸು ತುಂಬಿ ಅದರಲ್ಲಿ ಸಲಾಡು ಜೋಡಿಸುತ್ತಾನಂತೆ.

"ಬೇಸಿಗೆ ಮುಗಿಯೋದ್ರೊಳಗೆ ನಿಂಗೊಂದು ಕೆರೆ ಸಿಕ್ರೆ ಸರಿ, ಅಮ್ಮ. ಇಲ್ಲಾಂದ್ರೆ ಸಲಾಡಿಗೆ."

"ಹುಡುಗಿಯಾಗಿದ್ದಾಗಿಂದ ಇದ್ರಲ್ಲಿ ಆಲೂಗೆಡ್ಡೆ ಸಾಗಿಸ್ದೆ, ಕಡಲಪಾಚಿ ಸಾಗಿಸ್ದೆ, ಪಾದ್ರೀನ ಸಾಗಿಸ್ದೆ. ಮೂರ್ರಲ್ಲಿ ಪಾದ್ರೀನೇ ಭಾರ. ಇನ್ನು ಯಾವ ಕೆಲಸಕ್ಕೂ ಅಲ್ಲ, ಸುಮ್ನೆ ಹುಟ್ಟು ಹಾಕ್ಬೇಕು ನಾನು. ಸಲಾಡು ತಿನ್ನೋರು ತಟ್ಟೇಲಿ ತಿನ್ಲಿ."

ಪಕ್ಕದ ಮನೆಯವನಾದ ನನ್ನ ಹತ್ತಿರ ಹಳೆಯ ಪಿಕಪ್ ಗಾಡಿಯಿತ್ತು, ಪುರುಸೊತ್ತೂ ಇತ್ತು. ಹೀಗಾಗಿ ಹುಡುಕಾಟದ ಸಾರಥ್ಯ ನನ್ನ ಪಾಲಿಗೆ ಬಂತು.

ಮೊದಲನೆಯ ಸರೋವರದಲ್ಲಿ ಆಕೆ ದೋಣಿಯನ್ನು ದಡದ ಕೆಸರಲ್ಲಿ ಬಿಟ್ಟು, ಮಾತೆ ಎಂಬ ಎಲೆಯ ಕಷಾಯ ಹೀರುತ್ತ ಕೂತರು. ಕೂತೇ ಇದ್ದರು. ಕೊನೆಗೆ ನಾನು ಯಾಕೆಂದು ಕೇಳಿದೆ.

"ನೀರು ಏರ್ಲಿ ಅಂತ."

"ಕೆರೆಗೆ ಉಬ್ಬರವಿಳಿತ ಇರೋದಿಲ್ಲ, ದೊನ್ಯಾ."

ಆಕೆ ನೀರನ್ನು ಸೋಮಾರಿ ಮೊಮ್ಮಗನನ್ನು ನೋಡುವ ಹಾಗೆ ನೋಡಿದರು. "ಬೆಳಗಿಂದ ಹೀಗೇ ಬಿದ್ಕೊಂಡಿರುತ್ತಾ? ಉಪ್ಪೂ ಇಲ್ಲ, ಕೆಲಸಾನೂ ಇಲ್ಲ."

ಎರಡನೆಯದರಲ್ಲಿ ಮೋಟಾರು ಬೋಟುಗಳ ಹುಡುಗರು ಎಬ್ಬಿಸಿದ ಅಲೆಗೆ ನಾನು ಮಾತ್ರ ನೀರಿಗೆ ಬಿದ್ದೆ. ಮೂರನೆಯದರಲ್ಲಿ ಮಧ್ಯಾಹ್ನವಾದೊಡನೆ ಗಾಳಿ ಎದ್ದು ನಮ್ಮನ್ನು ಬೇಡದ ದಡಕ್ಕೆ ಸೇರಿಸಿತು. ನಾಲ್ಕನೆಯದು ಪಿಲ್ಯಾನ್ಕೊ ಸರೋವರ. ಬೇಲಿಯ ಸಂದಿನಿಂದ ನೋಡಿದೆವು: ಗುಡ್ಡದ ಮರೆಯ ಕೊಲ್ಲಿ, ಗಾಳಿಯಿಲ್ಲ, ಮೋಟಾರಿಲ್ಲ, ಮರಳಿನ ದಡ. ಎಡೆಲ್ಮಿರಾ ಆಗಲೇ ಅಂಗಿಯ ತೋಳು ಮಡಚಿದ್ದರು. ಇದೇ ಅವರ ಸರೋವರವೆಂದು ಅದರಿಂದಲೇ ನನಗೆ ಗೊತ್ತಾಯಿತು.

ಅಡ್ಡಿಯೆಂದರೆ ಗೇಟು. ನಮ್ಮ ದೇಶದಲ್ಲಿ ಸರೋವರವೂ ಅದರ ಮರಳೂ ಎಲ್ಲರದು. ಅಲ್ಲಿಗೆ ಹೋಗುವ ದಾರಿ ಮಾತ್ರ ಉಳ್ಳವರದು. ಬೇಸಿಗೆ ಬಂಗಲೆಗಳ ಬಡಾವಣೆಯೊಂದು ದಾರಿಗೆ ಬೀಗ ಹಾಕಿ, ನೊಲ್ಬೆರ್ತೊ ಎಂಬ ಕಾವಲುಗಾರನನ್ನು ನಿಲ್ಲಿಸಿತ್ತು.

"ಕೆರೆ ನಿಮ್ದೇ, ಸೆನ್ಯೋರಾ. ಗೇಟು ನಿಮ್ದಲ್ಲ," ಅಂದ ಆತ.

"ಹಾರಿ ಹೋಗ್ಲಾ ಮತ್ತೆ?"

"ಹಾರೋಕೆ ಅಡ್ಡಿಯಿಲ್ಲ. ಅದ್ರ ಬಗ್ಗೆ ನಂಗೇನೂ ಹೇಳಿಲ್ಲ."

ಪುರಸಭೆಯಲ್ಲಿ ವಿಷಯ ಪರಿಶೀಲನೆಯಲ್ಲಿದೆ ಎಂದರು. ನಮ್ಮಲ್ಲಿ ಹಾಗೆಂದರೆ ಮೊಮ್ಮಕ್ಕಳ ಕಾಲಕ್ಕೆ ಕೇಳಿ ಎಂದರ್ಥ. ಎಡೆಲ್ಮಿರಾ ಅಲ್ಲಿಂದ ನೇರ ಊರಿನ ಸೇತುವೆಗೆ ನಡೆದರು. ಪಿಲ್ಯಾನ್ಕೊದಿಂದ ಹೊರಬೀಳುವ ನದಿ ಅದರಡಿ ಹರಿಯುತ್ತದೆ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರು, ಉಳಿದದ್ದು ಕಲ್ಲು.

"ಈ ನದಿ ಯಾರ್ದು?"

"ಎಲ್ಲರ್ದೂ," ಅಂದೆ ನಾನು.

"ಹಾಗಾದ್ರೆ ಮಿಂಗಾ ಕರೀತೀನಿ. ದೋಣೀನ ನದೀಲೇ ಮೇಲಕ್ಕೆ ಎಳೆಯೋಣ."

ಅವರ ದ್ವೀಪದಲ್ಲಿ ಮನೆಯನ್ನೇ ಎತ್ತುಗಳಿಗೆ ಕಟ್ಟಿ ಊರೆಲ್ಲ ಸೇರಿ ಬೇರೆ ಕಡೆಗೆ ಎಳೆದೊಯ್ಯುತ್ತಾರೆ. ಕೂಲಿಯಿಲ್ಲ, ಊಟವುಂಟು. ಅದೇ ಮಿಂಗಾ. ಕರೆಯುವವರು ಮನೆಮನೆಗೆ ಹೋಗಿ ಬೇಡಿಕೊಳ್ಳಬೇಕು. ಕರೆಸಿಕೊಂಡವರು ಇಲ್ಲ ಅನ್ನುವಂತಿಲ್ಲ. ನಮ್ಮೂರಿನವರು ದ್ವೀಪದವರಲ್ಲ. ಆಕೆ ಬಾಗಿಲಲ್ಲಿ ನಿಂತು ಕೇಳಿದಾಗ ಎಲ್ಲರೂ ನಯವಾಗಿ "ನೋಡೋಣ ದೊನ್ಯಾ, ದೇವರ ಚಿತ್ತ" ಅಂದರು. ಇಷ್ಟು ಗಟ್ಟಿಯಾದ 'ಇಲ್ಲ' ನಮ್ಮಲ್ಲಿ ಬೇರೆ ಇಲ್ಲ. ದ್ವೀಪದಲ್ಲಿ ಬೆಳೆದ ಆಕೆಗೆ ಅದು 'ಹೂಂ' ಎಂದೇ ಕೇಳಿಸಿತು. ಊರಿಗೆಲ್ಲ ಸಾಲುವಷ್ಟು ಹಂದಿ ಬೇಯಿಸಿದರು, ಆಲೂಗೆಡ್ಡೆಯ ಮಿಲ್ಕಾವೊ ರೊಟ್ಟಿ ಸುಟ್ಟರು, ಸೇಬಿನ ಮದ್ಯ ಚಿಚಾ ಬಸಿದರು.

"ಯಾರೂ ಬರಲ್ಲ, ಅಮ್ಮ," ಅಂದಳು ಯಸ್ನಾ.

"ಬರ್ತೀವಿ ಅಂದಿದಾರೆ."

ಶನಿವಾರ ಬೆಳಿಗ್ಗೆ ಹಂದಿಯ ಪರಿಮಳ ಮೂರು ಬೀದಿ ದಾಟಿತು. ಮೊದಲು ಎತ್ತಿನವನು ಬಂದ, ಸುಮ್ಮನೆ ನೋಡಿ ಹೋಗಲು ಎಂದು. ಎತ್ತುಗಳನ್ನು ಯಾಕೆ ಕರೆತಂದ ಎಂದು ಯಾರೂ ಕೇಳಲಿಲ್ಲ. ಅವನನ್ನು ನೋಡಿ ನಾಚಿದವರು ಬಂದರು, ಅವರನ್ನು ಗೇಲಿ ಮಾಡಲು ಇನ್ನಷ್ಟು ಜನ ಬಂದರು. ಗೇಲಿ ಮಾಡುವವನ ಕೈಗೆ ಹಗ್ಗ ಕೊಡುವುದು ಹೇಗೆಂದು ಎಡೆಲ್ಮಿರಾಗೆ ಚೆನ್ನಾಗಿ ಗೊತ್ತಿತ್ತು.

ಎತ್ತುಗಳು ನೀರಿಗಿಳಿದವು. ನಾವು ಜಾರಿದೆವು, ಬಿದ್ದೆವು, ಬೈದೆವು. ದೋಣಿ ಕಲ್ಲಿನಿಂದ ಕಲ್ಲಿಗೆ ಗೊಣಗುತ್ತ ಮೇಲೇರಿತು. ಬಡಾವಣೆಯ ಬೇಲಿಯಾಚೆ ನೊಲ್ಬೆರ್ತೊ ನಮ್ಮ ಜೊತೆಜೊತೆಗೇ ನಡೆಯುತ್ತಿದ್ದ.

"ಇದು ಖಾಸಗಿ ಜಾಗ!"

"ಯಾವ್ದಪ್ಪ, ನೀರಾ?" ಅಂದರು ಎಡೆಲ್ಮಿರಾ. "ಬೈಯೋದಾದ್ರೆ ಎಡಗಡೆ ಬಾ. ಬಲಕಿವಿ ಕೇಳ್ಸಲ್ಲ."

ಮಧ್ಯಾಹ್ನ ದೋಣಿ ಸರೋವರ ಸೇರಿತು. ಆಕೆ ಹತ್ತಿ ಕೂತು ಹುಟ್ಟು ಹಾಕಿದರು. ಕೊಲ್ಲಿಯ ತುಂಬ ಒಂದು ಸುತ್ತು, ಮತ್ತೊಂದು ಸುತ್ತು, ಆಲೂಗೆಡ್ಡೆಯಿಲ್ಲ, ಪಾದ್ರಿಯಿಲ್ಲ. ಯಸ್ನಾ ಮೊಣಕಾಲುದ್ದ ನೀರಲ್ಲಿ ನಿಂತು ನೋಡುತ್ತಿದ್ದಳು. "ಹೋಟೆಲಿನವ್ನೂ ತಟ್ಟೇಲೇ ಜೋಡಿಸ್ಲಿ," ಅಂದಳು.

ಮಿಂಗಾದ ಊಟವನ್ನು ಎಳೆತ ಮುಗಿದಲ್ಲೇ ಉಣ್ಣಬೇಕು. ನಾವು ಹೊತ್ತು ತಂದಿದ್ದ ಪಾತ್ರೆಗಳನ್ನು ಆಕೆ ದೋಣಿಗೆ ಹಾಕಿಕೊಂಡು ಬಂದು ಬಡಾವಣೆಯ ಮರಳಿಗೆ ಇಳಿಸಿದರು; ನಾವು ದಡದ ನೀರಲ್ಲೇ ನಡೆದು ಅಲ್ಲಿಗೆ ಸೇರಿದೆವು. ಬಡಾವಣೆಯ ಅಧ್ಯಕ್ಷರು ಬಿಳಿ ಚಡ್ಡಿಯಲ್ಲಿ ಬಂಗಲೆಯಿಂದ ಇಳಿದು ಬರುವಷ್ಟರಲ್ಲಿ ಎತ್ತುಗಳು ಕೂಡ ಮಲಗಿದ್ದವು. ಅಧ್ಯಕ್ಷರು ಪೊಲೀಸರನ್ನು ಕರೆಸಿದರು. ಬಂದ ಸಾರ್ಜೆಂಟು ಮಿಲ್ಕಾವೊ ಒಂದನ್ನು ಮುರಿಯುತ್ತ, ಮರಳು ಎಲ್ಲರದು ಎಂದ.

"ಹಾಗಾದ್ರೆ ಊಟ ಮುಗಿಸಿ ಹೋಗ್ಲಿ," ಅಂದರು ಅಧ್ಯಕ್ಷರು.

"ಹೋಗ್ತೀವಿ ಸಾಹೇಬ್ರೇ," ಅಂದರು ಎಡೆಲ್ಮಿರಾ. "ಗೇಟು ತೆಗೀರಿ."

"ಗೇಟು ಸಾರ್ವಜನಿಕರಿಗಲ್ಲ."

"ಸರಿ ಮತ್ತೆ. ಅಳಿಯಂದ್ರೇ, ಇನ್ನೊಂದು ಕೊಡ ಚಿಚಾ ತೆಗೀರಿ. ಇಲ್ಲೇ ಇರ್ಬೇಕಂತೆ."

ಅಧ್ಯಕ್ಷರು ಎತ್ತುಗಳನ್ನು ನೋಡಿದರು. ಎತ್ತುಗಳು ತಮ್ಮ ಕೆಲಸ ಮಾಡಿದವು, ಸಗಣಿ ಹಾಕಿದವು. ಸಾರ್ಜೆಂಟು ಆಕಾಶ ನೋಡಿದ. ಸ್ವಲ್ಪ ಹೊತ್ತಿಗೆ ನೊಲ್ಬೆರ್ತೊ ಬೀಗ ತೆಗೆದ.

ಎಲ್ಲರೂ ಹೊರಟರು. ಎಡೆಲ್ಮಿರಾ ದೋಣಿಯನ್ನು ದಡದ ಮರಕ್ಕೆ ಕಟ್ಟಿ ಕೊನೆಯಲ್ಲಿ ಬಂದರು.

"ದೋಣಿ?" ಅಂದ ನೊಲ್ಬೆರ್ತೊ.

"ಅದು ಮರಳಲ್ಲಿದೆ, ಮರಳು ಎಲ್ಲರ್ದು. ನಾನು ನಾಳೆ ಊಟ ಆದ್ಮೇಲೆ ಬರ್ತೀನಿ."

"ಬೀಗ ಹಾಕು ಅಂತಾರೆ, ಸೆನ್ಯೋರಾ."

"ಹಾಕು, ಮಗಾ. ನದಿಯಿಂದಾನೇ ಬರ್ತೀವಿ, ಎತ್ತಿನ ಸಮೇತ. ನಾಳೆ ಭಾನುವಾರ, ಜನ ಇನ್ನೂ ಜಾಸ್ತಿ ಇರ್ತಾರೆ ಅಂತ ನಿಮ್ಮ ಸಾಹೇಬ್ರಿಗೆ ಹೇಳಿಬಿಡು."