ಸರ ಮುಟ್ಟಿ ಹೇಳಿದ ಮಾತು

ಹಿಂದೂಪುರದ ಲಕ್ಷ್ಮೀಕಾಂತ್ ಸಾವ್ಕಾರರ ಹುಣಸೆಹಣ್ಣಿನ ಮಂಡಿಯಲ್ಲಿ ಆರೋಗ್ಯಮ್ಮನಿಗಿಂತ ಅವಳ ಜಪಸರಕ್ಕೇ ಹೆಚ್ಚು ಮರ್ಯಾದೆ ಇತ್ತು. ಬೀಜ ಬಿಡಿಸುವ ಹನ್ನೆರಡು ಹೆಂಗಸರಲ್ಲಿ ಕ್ರೈಸ್ತಳು ಅವಳೊಬ್ಬಳೇ. ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ಕೈ ತೊಳೆದು, ಸೊಂಟಕ್ಕೆ ಸಿಕ್ಕಿಸಿದ ಬಟ್ಟೆಚೀಲದಿಂದ ಆ ಕಂದು ಮಣಿಯ ಸರ ತೆಗೆದು, ಗೋಡೆಗೆ ಮುಖ ಮಾಡಿ ಹತ್ತು ಮಣಿ ಜಪಿಸುತ್ತಿದ್ದಳು. ಅಷ್ಟು ಹೊತ್ತು ಮಂಡಿಯಲ್ಲಿ ಚಾಡಿಮಾತಿಗೂ ವಿರಾಮ. ಯಾರ ಮಗುವಿಗಾದರೂ ಜ್ವರ ಬಂದರೆ, "ನಮ್ಮ ಪಾಪೂಗೂ ಒಂದು ಮಣಿ ಎಣಿಸು ಕಣಮ್ಮ" ಎನ್ನುತ್ತಿದ್ದರು. ಇದೆಲ್ಲ ಆರೋಗ್ಯಮ್ಮನಿಗೆ ಹಿತವಾಗಿತ್ತು, ಸುಳ್ಳೇಕೆ. ಸ್ವಲ್ಪ ಹೆಚ್ಚೇ ಹಿತವಾಗಿತ್ತು. ಇಲ್ಲದಿದ್ದರೆ ಗೋಡೆಗೆ ಮುಖ ಮಾಡಿದವಳು, ಬೆನ್ನ ಹಿಂದೆ ಯಾರು ನೋಡುತ್ತಿದ್ದಾರೆ ಎಂದು ಕಿವಿಯನ್ನೆಲ್ಲ ಹಿಂದಕ್ಕೆ ಇಟ್ಟುಕೊಂಡಿರುತ್ತಿರಲಿಲ್ಲ.

ಅಕ್ಟೋಬರ್ ಬಂತು. ಅದು ಜಪಸರದ ತಿಂಗಳು. ಚರ್ಚಿನಲ್ಲಿ ದಿನವೂ ಸಂಜೆ ಆರಕ್ಕೆ ಎಲ್ಲರೂ ಕೂಡಿ ಜಪಸರ ಹೇಳುತ್ತಾರೆ; ದಿನಕ್ಕೊಬ್ಬರು ಮುಂದೆ ನಿಂತು ಹೇಳಿಸಬೇಕು. ಆ ಶನಿವಾರ ಆರೋಗ್ಯಮ್ಮನ ಪಾಳಿ. ಮಂಡಿಯ ಹಿಂಬದಿಯಲ್ಲಿ ಹಣ್ಣು ಕೆಡದಂತೆ ಇಡುವ ಕೋಲ್ಡ್ ರೂಮಿನ ಬಾಗಿಲು ಎಳೆದು, ಹಿಡಿ ತಿರುಗಿಸಿ ಬಿಗಿ ಮಾಡುವುದು ಅವಳ ಕೆಲಸ. ಹೊರಗಿನ ಶಟರಿಗೆ ಬೀಗ ಹಾಕುವುದು ಜೊತೆಯ ಕೆಲಸದವಳು ಓಬಕ್ಕನದು. ಐದೂ ಮುಕ್ಕಾಲಿಗೆ ಆರೋಗ್ಯಮ್ಮ ಬಾಗಿಲನ್ನು ಸುಮ್ಮನೆ ತಳ್ಳಿ, ಹಿಡಿ ತಿರುಗಿಸದೆ, ಎದ್ದೆನೋ ಬಿದ್ದೆನೋ ಎಂದು ಚರ್ಚಿಗೆ ಓಡಿದಳು. ಭಾನುವಾರ ರಜೆ. ಸೋಮವಾರ ಬಂದು ನೋಡಿದರೆ ಬಾಗಿಲು ಒಂದು ಗೇಣು ತೆರೆದಿತ್ತು. ಹೊಂಬಣ್ಣದ ಹಣ್ಣೆಲ್ಲ ಬೆವತು ಕಪ್ಪಾಗಿತ್ತು.

ಸಾವ್ಕಾರರು ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡರು. ಬೀಗ ಹಾಕುವ ಮೊದಲು ಓಬಕ್ಕ ಮರೆತ ಬುತ್ತಿಡಬ್ಬಿಗೆಂದು ಇನ್ನೊಮ್ಮೆ ಒಳಗೆ ಹೋಗಿದ್ದಳು. ಅದನ್ನು ಅವಳೇ ಹೇಳಿದಳು.

"ಡಬ್ಬಿ ತಗಂಡು ಬಂದ್ಬುಟ್ಟೆ ಸಾಮಿ. ಕೋಲ್ಡ್ ರೂಮಿನ ತಾವ ನಾನು ಹೋಗ್ಲೇ ಇಲ್ಲ."

ಸಾವ್ಕಾರರು ಆರೋಗ್ಯಮ್ಮನ ಕಡೆ ತಿರುಗಿದರು. "ಹಿಡಿ ತಿರುಗಿಸಿದ್ದೇನಮ್ಮ ನೀನು? ಆ ನಿನ್ನ ಸರ ಮುಟ್ಟಿ ಹೇಳ್ಬುಡು. ಆಮೇಲೆ ನಾನೇನೂ ಕೇಳಕ್ಕಿಲ್ಲ."

ದೇವರ ಮೇಲೆ ಆಣೆ ಇಟ್ಟರೆ ನ್ಯಾಯ ಅಲ್ಲಿಗೆ ತೀರ್ಮಾನವಾಯಿತು ಎನ್ನುವ ಜನ. ಆಣೆ ಇಡಬಾರದೆಂದು ಆರೋಗ್ಯಮ್ಮನಿಗೆ ಚಿಕ್ಕಂದಿನಲ್ಲೇ ಕಲಿಸಿದ್ದರು. ಹಾಗೆಂದು ಹೇಳಿದ್ದರೂ ಆಗುತ್ತಿತ್ತು. ಜಪಕ್ಕೆ ಓಡುವ ಗಡಿಬಿಡಿಯಲ್ಲಿ ಮರೆತೆ ಎಂದಿದ್ದರೆ ಸಾವ್ಕಾರರು ನಾಲ್ಕು ಮಾತು ಬೈದು ಬಿಡುತ್ತಿದ್ದರೋ ಏನೋ. ಆದರೆ ಉಳಿದ ಹತ್ತು ಹೆಂಗಸರು ಅವಳನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿ ಸಣ್ಣವಳಾಗುವುದು ಅವಳಿಂದ ಆಗಲಿಲ್ಲ. ಸರ ತೆಗೆದು, ಶಿಲುಬೆಯ ಮೇಲೆ ಹೆಬ್ಬೆರಳು ಒತ್ತಿ, "ತಿರುಗಿಸಿವ್ನಿ ಸಾಮಿ" ಎಂದಳು.

ಓಬಕ್ಕ ಅವಳ ಮುಖ ನೋಡಿದಳು. ಆಮೇಲೆ ತನ್ನ ಎರಡೂ ಅಂಗೈ ನೋಡಿಕೊಂಡಳು. ಕೊನೆಗೆ ಒಳಗೆ ಹೋದವಳು ಅವಳೇ, ಬಾಗಿಲು ತೆಗೆದವಳೂ ಅವಳೇ ಎಂದು ಸಾವ್ಕಾರರು ತೀರ್ಮಾನಿಸಿದರು. ಮರುದಿನದಿಂದ ಅವಳಿಗೆ ಕೆಲಸವಿಲ್ಲ ಎಂದಾಯಿತು. ವಾರ ಕಳೆಯುವುದರೊಳಗೆ ಕಲ್ಯಾಣದುರ್ಗದ ಮಗಳ ಮನೆ ಸೇರಿದಳೆಂದು ಸುದ್ದಿ ಬಂತು.

ಅಂದಿನಿಂದ ಆರೋಗ್ಯಮ್ಮನಿಗೆ ಒಂದು ಮಣಿಯನ್ನೂ ದಾಟಲಾಗಲಿಲ್ಲ. ಸರವನ್ನು ಮನೆಯಲ್ಲೇ ಬಿಟ್ಟು ಹೋಗೋಣವೆಂದರೆ ಹೆಂಗಸರು ಯಾಕೆಂದು ಕೇಳುತ್ತಾರೆ. ಹಾಗಾಗಿ ದಿನಾ ಒಯ್ದಳು, ಗೋಡೆಗೆ ಮುಖ ಮಾಡಿದಳು, ಸುಮ್ಮನೆ ತುಟಿ ಅಲ್ಲಾಡಿಸಿದಳು. ಹೆಂಗಸರು ಮೊದಲಿಗಿಂತ ಹೆಚ್ಚು ಭಕ್ತಿಯಿಂದ ಮೌನವಾಗಿರುತ್ತಿದ್ದರು. ನಾಚಿಕೆಯಿಂದ ಅವಳ ಕಿವಿ ಕೆಂಡವಾಗುತ್ತಿತ್ತು. ಒಬ್ಬಳಾದರೂ ತನ್ನನ್ನು ಅನುಮಾನಿಸಬಾರದೇ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತು.

ಕ್ರಿಸ್‌ಮಸ್‌ಗೆ ಮುಂಚೆ ಪಾಪನಿವೇದನೆಗೆ ಹೋಗಿ ಎಲ್ಲವನ್ನೂ ಫಾದರ್ ಮುಂದೆ ಒದರಿಬಿಟ್ಟಳು. ಅವರೆಂದರು:

"ದೇವರು ಕ್ಷಮಿಸ್ತಾನೆ, ಅಮ್ಮಾ. ಆದರೆ ಜಪಸರ ಒಯ್ಯೋದು ಅಂದ್ರೆ ನಾನು ಆ ದೇವಮಾತೆಯ ಮನೆಯವಳು ಅಂತ ಊರಿಗೆಲ್ಲ ಹೇಳ್ಕೊಂಡು ಓಡಾಡೋದು. ಅದನ್ನು ನೋಡಿ ನಿಮ್ಮನ್ನು ನಂಬಿದವರಿಗೆ ನೀವೇ ಹೋಗಿ ನಿಜ ಹೇಳಬೇಕು. ಮೊದಲು ಆ ಅಕ್ಕನಿಗೆ."

ಆ ಮಾತು ತಲೆಗೆ ಹೋಯಿತು, ಕಾಲಿಗೆ ಇಳಿಯಲಿಲ್ಲ. ಹಬ್ಬ ಮುಗಿಯಲಿ ಎಂದಳು, ಚಳಿ ಕಡಿಮೆಯಾಗಲಿ ಎಂದಳು, ಮೊಣಕಾಲು ನೋವೆಂದಳು. ಅಂತೂ ಜನವರಿಯ ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿ ಕಲ್ಯಾಣದುರ್ಗದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಲೆಕ್ಕಾಚಾರ ನಡೆದಿತ್ತು. ಸುಳ್ಳು ಯಾರದೆಂದು ಓಬಕ್ಕನಿಗೆ ಗೊತ್ತೇ ಇದೆ. ಚೆನ್ನಾಗಿ ಉಗಿಯುತ್ತಾಳೆ, ಆಮೇಲೆ ಅಳುತ್ತಾಳೆ, ತಾನೂ ಅತ್ತು ಕಾಲು ಹಿಡಿದರಾಯಿತು. ಬೈಸಿಕೊಳ್ಳಲು ಅವಳು ಸಿದ್ಧಳಾಗಿಯೇ ಹೋಗಿದ್ದಳು.

ಓಬಕ್ಕ ಮಗಳ ಮನೆಯ ಜಗಲಿಯ ಮೇಲೆ ಕುಳಿತಿದ್ದಳು. ಮೂರೇ ತಿಂಗಳಲ್ಲಿ ಹತ್ತು ವರ್ಷ ಹೆಚ್ಚಾದಂತೆ ಕಂಡಳು. ಆರೋಗ್ಯಮ್ಮನನ್ನು ಕಂಡು ಸಂತೋಷಪಟ್ಟು ಚಾಪೆ ಹಾಸಿದಳು. ಕುಶಲ ಕೇಳುವುದರೊಳಗೆ, ನಲ್ಲಿ ನಿಲ್ಲಿಸಿದೆನೋ ಇಲ್ಲವೋ ಎಂದು ಎರಡು ಸಲ ಎದ್ದು ಹೋಗಿ ನೋಡಿ ಬಂದಳು.

"ಅಕ್ಕಾ, ಅವತ್ತು ನಾನು ಹಿಡಿ ತಿರುಗಿಸ್ಲಿಲ್ಲ," ಎಂದಳು ಆರೋಗ್ಯಮ್ಮ. "ಸರ ಮುಟ್ಟಿ ಸುಳ್ಳು ಹೇಳ್ದೆ."

ಓಬಕ್ಕ ಬೈಯಲಿಲ್ಲ. ಅರ್ಥವಾಗದವಳಂತೆ ನೋಡಿದಳು.

"ತಿರುಗಿಸ್ಲಿಲ್ವಾ?"

"ಇಲ್ಲ ಅಕ್ಕಾ."

"ಹಂಗಾದ್ರೆ ನಾನು ಬಾಗ್ಲು ತೆಗೀಲಿಲ್ಲ." ಓಬಕ್ಕ ಮತ್ತೆ ತನ್ನ ಎರಡೂ ಅಂಗೈ ನೋಡಿಕೊಂಡಳು. "ನೀನು ಸರ ಮುಟ್ಟಿ ಹೇಳ್ದಲ್ಲ, ನಾನೇ ತೆಗ್ದಿರ್ಬೇಕು ಅನ್ಕಂಡ್ಬುಟ್ಟೆ ಕಣಮ್ಮ. ಎಷ್ಟು ಯೋಚ್ನೆ ಮಾಡಿದ್ರೂ ತೆಗ್ದಿದ್ದು ಗ್ಯಾನಕ್ಕೇ ಬರ್ಲಿಲ್ಲ. ನನ್ ತಲೇನೇ ಕೆಟ್ಟೋಯ್ತು ಅಂತ ತಿಳ್ಕಂಡೆ. ಆರೋಗ್ಯಮ್ಮ ಸುಳ್ಳು ಹೇಳ್ತಾಳೆ ಅಂತ ನಂಗೆ ಹೊಳೀಲೇ ಇಲ್ಲ."

ಕೆಲಸ ಕಸಿದುಕೊಂಡೆ ಎಂದಷ್ಟೇ ಆರೋಗ್ಯಮ್ಮ ಇಷ್ಟು ದಿನ ಕೊರಗಿದ್ದು. ಓಬಕ್ಕನಿಗೆ ತನ್ನ ಮೇಲೆಯೇ ಇದ್ದ ನಂಬಿಕೆಯನ್ನೂ ಕಿತ್ತುಕೊಂಡಿದ್ದಳು, ಅದೂ ಮಾತೆಯ ಸರ ಹಿಡಿದು. ಇಂಥ ನಾಚಿಕೆ ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕಾಲು ಹಿಡಿಯಬೇಕೆಂದು ಬಂದವಳಿಗೆ ಆ ಕಾಲನ್ನು ಮುಟ್ಟುವ ಧೈರ್ಯವೂ ಬರಲಿಲ್ಲ.

ಓಬಕ್ಕ ಒಳಗೆ ಬಟ್ಟೆ ಹೊಲಿಯುತ್ತಿದ್ದ ಮಗಳನ್ನು ಕೂಗಿದಳು. ಮೌನಿಕಾ ಮೆಷಿನ್ ನಿಲ್ಲಿಸಿ, ಕೂಸನ್ನು ಸೊಂಟಕ್ಕೇರಿಸಿಕೊಂಡು ಬಂದಳು.

"ನಂಗೆ ಹೇಳ್ದಲ್ಲ, ಇವ್ಳಿಗೂ ಹೇಳು," ಎಂದಳು ಓಬಕ್ಕ.

ಆರೋಗ್ಯಮ್ಮನ ಕೈ ಅಭ್ಯಾಸಬಲದಿಂದ ಚೀಲದ ಕಡೆ ಹೋಯಿತು.

"ಅದನ್ನ ಮುಟ್ಬ್ಯಾಡ. ಬರೀ ಬಾಯಾಗೆ ಹೇಳು," ಎಂದಳು ಓಬಕ್ಕ.

ಹೇಳಿದಳು. ಬಾಗಿಲು, ಚರ್ಚು, ಆಣೆ, ಹತ್ತು ಹೆಂಗಸರ ಕಣ್ಣು, ಎಲ್ಲವನ್ನೂ ನೆಲ ನೋಡುತ್ತಾ ಹೇಳಿದಳು.

ಮೌನಿಕಾ ಕೂಗಾಡಲಿಲ್ಲ. "ಒಲೆ ಹತ್ರ ಬಿಡ್ತಿಲ್ಲ ಚಿಕ್ಕಮ್ಮಾ, ನಮ್ಮವ್ವನ್ನ," ಎಂದಳು. "ಎಲ್ಲಿ ಮರ್ತು ಬಿಟ್ ಹೋಯ್ತದೋ ಅಂತ ಕೂಸ್ನೂ ಕೈಗೆ ಕೊಡ್ತಿಲ್ಲ. ಮರೆವಿಗೆ ಅಂತ ದಿನಾ ಎರಡು ಮಾತ್ರೆ ನುಂಗಿಸ್ತಿದ್ದೀನಿ."

ಓಬಕ್ಕ ಎದ್ದು ಒಳಗೆ ಹೋದಳು. ಮೌನಿಕಾ ತಡೆಯಲಿಲ್ಲ. ಒಲೆ ಹತ್ತಿದ ಸದ್ದಾಯಿತು, ಪಾತ್ರೆ ಇಟ್ಟ ಸದ್ದಾಯಿತು.

"ಟೀ ಕುಡ್ದು ಹೋಗು," ಒಳಗಿನಿಂದ ಅವಳ ಮಾತು ಬಂತು. "ನಾಳೀಕೆ ನಾನೂ ಮಂಡಿಗೆ ಬತ್ತೀನಿ. ಸಾವ್ಕಾರ್ರ ಮುಂದೆ, ಆ ಹತ್ತೂ ಜನದ ಮುಂದೆ, ಹಿಂಗೇ ಹೇಳ್ಬೇಕು ನೀನು. ಹೇಳ್ತೀಯಾ?"

"ಹೇಳ್ತೀನಿ ಅಕ್ಕಾ," ಎಂದಳು ಆರೋಗ್ಯಮ್ಮ.

ಒಳಗೆ ಲೋಟಗಳ ಸದ್ದಾಯಿತು. ಆ ಮಾತನ್ನು ಓಬಕ್ಕ ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಕೇಳುವ ಮುಖವೂ ಆರೋಗ್ಯಮ್ಮನಿಗಿರಲಿಲ್ಲ.