ಮುನ್ನೂರು ವರ್ಷದ ಕಿಟಕಿ

ಹಾನಗಲ್ಲಿನ ಹೈಸ್ಕೂಲು ಮಾಸ್ತರ ವಿಠ್ಠಲಾಚಾರ್ಯರಿಗೆ ಹಳೆಯ ಮನೆಗಳ ಹುಚ್ಚು. ರಜೆ ಬಂತೆಂದರೆ ಕೊಡೆ, ಟೇಪು, ನೋಟುಬುಕ್ಕು ಹಿಡಿದು ಹೊರಟೇಬಿಡುವರು. ಯಾವ ಮನೆಯ ತಲಬಾಗಿಲಿಗೆ ಎಷ್ಟು ಹೂ ಕೆತ್ತಿದೆ, ಯಾವ ಪಡಸಾಲೆಯ ಕಂಬ ಯಾವ ಕಾಲದ್ದು, ಎಲ್ಲ ಬಾಯಿಪಾಠ. ಸ್ವಂತ ಮನೆಯ ಅಡಿಗೆಮನೆಗೆ ಮಾತ್ರ ಮದುವೆಯಾದ ಇಪ್ಪತ್ತೆಂಟು ವರ್ಷದಲ್ಲಿ ಅವರು ಕಾಲಿಟ್ಟಿರಲಿಲ್ಲ. ಊಟ ಪಡಸಾಲೆಗೇ ಬರುತ್ತಿತ್ತು, ಮತ್ತೇಕೆ ಹೋಗಬೇಕು?

ಆ ಅಡಿಗೆಮನೆಗೆ ಕಿಟಕಿ ಇರಲಿಲ್ಲ. ಒಲೆಯ ಹೊಗೆಯಲ್ಲಿ ಅವರ ಹೆಂಡತಿ ಗೋಪಿಕಾಬಾಯಿಯ ಕಣ್ಣುಗಳು ಮಂಜಾಗುತ್ತ ಬಂದಿದ್ದವು. ಹಾಡಹಗಲಲ್ಲಿ ಚಿಮಣಿ ದೀಪ ಹಚ್ಚಿಕೊಂಡು ಆರಿಸಿದರೂ ಅಕ್ಕಿಯಲ್ಲಿ ಕಲ್ಲು ಉಳಿಯುತ್ತಿತ್ತು. ಶಾಸನದ ಕಲ್ಲು ಹುಡುಕಿಕೊಂಡು ಇಡೀ ತಾಲೂಕು ತಿರುಗುವ ಆಚಾರ್ಯರಿಗೆ ಅನ್ನದಲ್ಲಿ ಒಂದು ಸಿಕ್ಕರೆ ಎಲ್ಲಿಲ್ಲದ ಸಿಟ್ಟು.

"ಒಂದು ಖಿಡಕಿ ಮಾಡಸ್ರಿ, ಕಣ್ಣು ಹೋಗ್ತಾವ," ಎಂದು ಆಕೆ ಕೇಳಿದ್ದು ಎಷ್ಟು ಸಲವೋ.

"ಮುನ್ನೂರು ವರ್ಷದ ಗ್ವಾಡಿ ಅದು. ಬೇಕಾಗಿದ್ರ ಪೂರ್ವಜರು ಇಡ್ತಿದ್ದಿಲ್ಲೇನು?"

ಪೂರ್ವಜರು ಅಡಿಗೆ ಮಾಡುತ್ತಿರಲಿಲ್ಲ ಎಂಬುದು ಗೋಪಿಕಾಬಾಯಿಗೆ ಗೊತ್ತಿತ್ತು.

೧೯೬೧ರ ಬೇಸಿಗೆಯಲ್ಲಿ ಹಿಂದಿನ ಮನೆಯ ಹೊಳೆವ್ವ ತನ್ನ ಹಳೆಯ ಮನೆ ಕೆಡವಿಸತೊಡಗಿದಳು. ಆಚಾರ್ಯರು ಹೋಗಿ ಅರ್ಧ ದಿನ ಉಪದೇಶ ಮಾಡಿದರು. ಆಕೆ ತಲೆಯಾಡಿಸುತ್ತ ಎಲ್ಲ ಕೇಳಿದಳು, ಅವರು ಹೋದ ಮೇಲೆ ಉಳಿದ ಗೋಡೆ ಕೆಡವಿಸಿದಳು.

ಮರುವಾರ ಆಚಾರ್ಯರು ಶಾಸನ ನೋಡಲು ನಾಲ್ಕು ದಿನ ಆಡೂರಿಗೆ ಹೋದರು. ಅವರು ಹೊರಟದ್ದೇ ತಡ, ಗೋಪಿಕಾಬಾಯಿ ಹೊಳೆವ್ವನ ಅಂಗಳದಲ್ಲಿದ್ದಳು.

"ನಿನ್ನ ಗೌಂಡೀನ್ನ ಒಂದಿನ ಕೊಡ್ತೀಯೇನವಾ?"

"ಒಂದಿನ ಯಾಕ್ರೀ ಬಾಯಾರ, ಮೂರ್ ದಿನಾ ಇಟಗೋರಿ. ನಮ್ಮ ಹಳೇ ಕೆತ್ತನಿ ಖಿಡಕಿ ಚೌಕಟ್ಟೂ ಒಯ್ರಿ. ಇಲ್ಲಾಂದ್ರ ಒಲಿಗೆ ಹಾಕೂದೈತಿ."

ಗೌಂಡಿ ಅಲ್ಲಾಬಕ್ಷ ಅಡಿಗೆಮನೆಯ ಗೋಡೆಗೆ ಹತ್ತಿಕೊಂಡಿದ್ದ ಹೊಳೆವ್ವನ ಹಿತ್ತಲಲ್ಲೇ ನಿಂತು, ಹೊರಗಿನಿಂದಲೇ ಗೋಡೆ ಒಡೆದು ಚೌಕಟ್ಟು ಕೂರಿಸಿದ. ಮಡಿಗೆ ಧಕ್ಕೆಯಾಗಲಿಲ್ಲ, ಇತಿಹಾಸಕ್ಕಷ್ಟೇ ಆಯಿತು. ಒಲೆಯ ಮೇಲೆ ಮೊದಲ ಬಿಸಿಲು ಬಿದ್ದಾಗ ಗೋಪಿಕಾಬಾಯಿ ಕೂತು ಮನಸಾರೆ ಅತ್ತಳು. ಆಮೇಲೆ ಹೆದರಿಕೆ ಶುರುವಾಯಿತು. ಕಂಡ ದಿನವೇ ಗಂಡ ಇದನ್ನು ಮುಚ್ಚಿಸುವುದು ಖಂಡಿತ.

ಆಚಾರ್ಯರು ಬಂದರು, ಉಂಡರು, ಮಲಗಿದರು. ಎಂಟು ತಿಂಗಳು ಹೀಗೇ ಉಂಡು ಮಲಗಿದರು. ಅನ್ನದಲ್ಲಿ ಕಲ್ಲು ಸಿಗದಾದದ್ದೂ ಅವರ ಗಮನಕ್ಕೆ ಬರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಧಾರವಾಡದಿಂದ ವಿದ್ವಾಂಸರೊಬ್ಬರು ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಬಂದರು. ಹಳೆಯ ಮನೆಗಳ ಮೇಲೆ ಪುಸ್ತಕ ಬರೆಯುವವರಂತೆ. ಆಚಾರ್ಯರು ಉಬ್ಬಿಹೋಗಿ ಕಂಬ ತೋರಿಸಿದರು, ತೊಲೆ ತೋರಿಸಿದರು, ಕೊನೆಗೆ ಅಡಿಗೆಮನೆಯ ಹೊಸ್ತಿಲಿಗೂ ಕರೆತಂದರು. ಒಲೆಯ ಮುಂದಿದ್ದ ಗೋಪಿಕಾಬಾಯಿ ತಲೆ ತಗ್ಗಿಸಿ ಒಲೆ ಊದತೊಡಗಿದಳು.

"ಮುನ್ನೂರು ವರ್ಷದ ಗ್ವಾಡಿ ನೋಡ್ರಿ. ಒಂದು ಕಿಂಡಿ ಸುದ್ದಾ..." ಎನ್ನುತ್ತ ಆಚಾರ್ಯರು ಕಣ್ಣೆತ್ತಿದರು, ಎದುರಿಗೆ ಕಿಟಕಿ ಇತ್ತು.

ಅತಿಥಿಗಳು ಆಗಲೇ ಕ್ಯಾಮೆರಾ ಎತ್ತಿದ್ದರು. "ಎಂಥಾ ಕೆತ್ತನಿ ಇದು. ಬೆಳಕು ನೆಟ್ಟಗ ಒಲಿ ಮ್ಯಾಲೆ ಬೀಳೂ ಹಂಗ ಇಟ್ಟಾರ ನೋಡ್ರಿ. ಪೂರ್ವಜರ ಬುದ್ಧಿ ಅಂದ್ರ ಇದು. ಇದಕ್ಕೂ ಮುನ್ನೂರು ವರ್ಷ ಆಗೇದೇನ್ರೀ?"

ಆಚಾರ್ಯರು ಕಿಟಕಿ ನೋಡಿದರು, ಹೆಂಡತಿಯನ್ನು ನೋಡಿದರು. ತಮ್ಮ ಮನೆಯ ಗೋಡೆಯೇ ತಮಗೆ ಗೊತ್ತಿಲ್ಲವೆಂದು ಧಾರವಾಡದವರ ಮುಂದೆ ಹೇಳುವುದು ಹೇಗೆ?

"ಹೂಂ," ಎಂದರು. "ಹೆಚ್ಚಿಗೀನ ಆಗಿರಬೇಕು."

ಗೋಪಿಕಾಬಾಯಿ ಸೆರಗು ಸರಿಮಾಡಿಕೊಂಡು ಎದ್ದಳು. ಪರರ ಮುಂದೆ ಎಂದೂ ಮಾತಾಡದವಳು ಅಂದು ಮಾತಾಡಿದಳು.

"ಮುಂದ ಯಾರರೆ ಇದನ್ನ ಮುಚ್ಚಿಸಿದ್ರ ಏನ್ ಮಾಡೋದ್ರಿ?"

"ಮುಚ್ಚಂಗಿಲ್ಲ ಬಾಯಿಯವರ. ಪುಸ್ತಕದಾಗ ಬರ್ತದ. ಆಚಾರ್ಯರು ಇರೂತನಕ ಇದನ್ನ ಯಾರು ಮುಟ್ತಾರ?"

"ಕೇಳಿದ್ರಿಲ್ಲೋ?" ಎಂದು ಗಂಡನಿಗೆ ಹೇಳಿ, ಗೋಪಿಕಾಬಾಯಿ ಮೊರವನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು ಅಕ್ಕಿ ಆರಿಸಲು ಕೂತಳು.