ನೊಣ ಇತ್ತು, ಓಡಿಸಿದೆ

ಆ ಯಂತ್ರ ತೆಗೆಯುವ ಎಲ್ಲ ಚಿತ್ರಗಳಲ್ಲೂ ಒಂದು ನೊಣ ಕೂತಿರುತ್ತಿತ್ತು. ನಿಜವಾದ ನೊಣವಲ್ಲ, ಆಸ್ಪತ್ರೆಯ ಸಂಶೋಧನಾ ವಿಭಾಗದವರು ಸಿಟ್ಟಿನಿಂದ ಇಟ್ಟು, ಆಮೇಲೆ ಸಲುಗೆಯಿಂದ ಉಳಿಸಿಕೊಂಡ ಹೆಸರು. ಮಾಮೂಲಿ ಎಕ್ಸ್‌ರೇಗೆ ಬೇಕಾಗುವ ಕಿರಣದ ಹತ್ತನೇ ಒಂದು ಪಾಲಿನಲ್ಲಿ ಶ್ವಾಸಕೋಶದ ಚಿತ್ರ ತೆಗೆದು ತೋರಿಸುತ್ತೇವೆ ಎಂದು ಹಟ ಹಿಡಿದು ಕಟ್ಟಿದ ಯಂತ್ರ ಅದು. ಅದರ ಬೆನ್ನಿಗೆ ಕಿರಣ ಹಿಡಿಯುವ ಒಂದು ಪ್ಲೇಟಿತ್ತು. ಆ ಪ್ಲೇಟಿನಲ್ಲಿ ಮೆಣಸಿನ ಕಾಳಿನಷ್ಟು ಜಾಗ ಸತ್ತುಹೋಗಿತ್ತು. ಎದುರಿಗೆ ಯಾರನ್ನೇ ನಿಲ್ಲಿಸಿ, ಚಿತ್ರದ ಅದೇ ಜಾಗದಲ್ಲಿ ಅದೇ ಬಿಳಿ ಚುಕ್ಕೆ. ಬೆಳ್ಳಗಿತ್ತು ಎಂಬುದೊಂದನ್ನು ಬಿಟ್ಟರೆ ನೊಣದ ಲಕ್ಷಣಗಳೆಲ್ಲ ಅದಕ್ಕಿದ್ದವು. ಕರೆಯದೆ ಬರುತ್ತಿತ್ತು, ಬೈದರೆ ಹೋಗುತ್ತಿರಲಿಲ್ಲ.

ಅದನ್ನು ಅಳಿಸುವುದಕ್ಕೆ ಕಂಪ್ಯೂಟರಿನಲ್ಲಿ ಒಂದು ಉಪಾಯ ಮಾಡಿಟ್ಟಿದ್ದರು. ಚುಕ್ಕೆಯ ಮೇಲೆ ಬಾಣವಿಟ್ಟು ಒಂದು ಗುಂಡಿ ಒತ್ತಿದರೆ ಸಾಕು, ಸುತ್ತಲಿನ ಬಣ್ಣ ಹರಡಿಕೊಂಡು ಆ ಜಾಗ ಮುಚ್ಚಿಹೋಗುತ್ತಿತ್ತು. ಮೊದಲಿನದಕ್ಕೆ ಹಸಿ ಚಿತ್ರ ಎನ್ನುತ್ತಿದ್ದರು, ಅಳಿಸಿದ್ದಕ್ಕೆ ಸ್ವಚ್ಛ ಚಿತ್ರ. ಪರೀಕ್ಷಿಸುವ ವೈದ್ಯರ ಮುಂದೆ ಹೋಗುತ್ತಿದ್ದುದು ಸ್ವಚ್ಛ ಚಿತ್ರ ಮಾತ್ರ. ಹಸಿ ಚಿತ್ರ ಉಗ್ರಾಣ ಸೇರುತ್ತಿತ್ತು. ಕೆಲಸ ಮುಗಿದ ಮೇಲೆ ರಿಜಿಸ್ಟರಿನಲ್ಲಿ ಒಂದು ಸಾಲು ಬರೆಯಬೇಕು: ನೊಣ ಇತ್ತು, ಓಡಿಸಿದೆ. ಕೆಳಗೆ ಸಹಿ.

ಅಕ್ಕತಂಗಿಯರಿಬ್ಬರಲ್ಲಿ ತಂಗಿ ಆ ವಿಭಾಗದಲ್ಲಿದ್ದಳು, ಆ ಸಹಿ ಹೆಚ್ಚಾಗಿ ಅವಳದೇ. ವಿಭಾಗದಲ್ಲಿ ಯಂತ್ರಗಳ ಅಳತೆ ಸರಿ ಇದೆಯೋ ಇಲ್ಲವೋ ನೋಡುವುದು ಅವಳ ಕೆಲಸ. ಆ ಕೆಲಸಕ್ಕೆಂದೇ ಹುಟ್ಟಿದವಳು. ಚಿಕ್ಕಂದಿನಲ್ಲಿ ಒಂದು ಬಿಸ್ಕತ್ತನ್ನು ಅಕ್ಕನ ಜೊತೆ ಹಂಚಿಕೊಳ್ಳಬೇಕಾದಾಗ ಶಾಲೆಯ ಚೀಲದಿಂದ ಸ್ಕೇಲು ತಂದವಳು. ಅಂದಿನಿಂದ ಅಕ್ಕ ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ‘ಅಳತೆ’ ಎಂದೇ ಕರೆಯುತ್ತಿದ್ದಳು. ‘ಅಳತೆ ಬಂದ್ಲು’, ‘ಅಳತೆಗೆ ಊಟ ಆಯ್ತಾ?’ ಮನೆಯವರಿಗೂ ನೆರೆಯವರಿಗೂ ಅದೇ ರೂಢಿಯಾಗಿ, ನಿಜವಾದ ಹೆಸರು ಕಾಗದಪತ್ರಗಳಲ್ಲಿ ಮಾತ್ರ ಉಳಿಯಿತು.

ತಮಾಷೆಯೆಂದರೆ ಅಕ್ಕನದೂ ಅಳತೆಯ ಕೆಲಸವೇ. ದರ್ಜಿ. ಎರಡು ರಸ್ತೆ ಕೂಡುವಲ್ಲಿ ಒಂದು ಕೋಣೆಯ ಅಂಗಡಿ, ಒಂದು ಹೊಲಿಗೆ ಯಂತ್ರ, ಕೊರಳಲ್ಲಿ ಸದಾ ಟೇಪು. ಆದರೆ ಟೇಪು ಹೆಸರಿಗೆ ಮಾತ್ರ. ಬಾಗಿಲು ದಾಟಿ ಬಂದವರನ್ನು ಒಮ್ಮೆ ನೋಡಿ, ‘ಎದೆ ಮೂವತ್ತೆಂಟು, ತೋಳು ಇಪ್ಪತ್ತೆರಡು, ಹೊಟ್ಟೆ ಕೇಳ್ಬೇಡಿ’ ಅಂದುಬಿಡುತ್ತಿದ್ದಳು. ತಂಗಿ ಆಮೇಲೆ ಟೇಪು ಹಿಡಿದು ನೋಡಿದರೆ ಕಾಲಿಂಚು ಆಚೀಚೆಯಾಗಿರುತ್ತಿತ್ತು. ‘ಕಾಲಿಂಚಿನಿಂದ ಯಾರೂ ಸಾಯಲ್ಲ ಕಣೇ’ ಎಂದು ಅಕ್ಕ ನಗುತ್ತಿದ್ದಳು.

ಒಂದು ವರ್ಷ ಎರಡು ತಿಂಗಳ ಹಿಂದಿನ ಮಾತು. ಯಂತ್ರವನ್ನು ಪರೀಕ್ಷಿಸಲು ಆರೋಗ್ಯವಂತರು ಬೇಕಾಗಿದ್ದರು. ಕಾಯಿಲೆಯವರು ಎಷ್ಟು ಬೇಕಾದರೂ ಸಿಗುತ್ತಾರೆ, ಗಟ್ಟಿಮುಟ್ಟಾಗಿರುವವರು ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ. ತಂಗಿ ಅಕ್ಕನ ತಲೆ ತಿಂದಳು. ಅಕ್ಕ ಒಪ್ಪಿದಳು. ಗೊತ್ತು ಮಾಡಿದ ದಿನ ಗುರುವಾರ. ಅದರ ಹಿಂದಿನ ಎರಡು ದಿನ ತಂಗಿ ಜ್ವರವೆಂದು ರಜೆಯಲ್ಲಿದ್ದಳು, ಚಿತ್ರ ತೆಗೆಯುವ ಕೆಲಸವೂ ನಿಂತಿತ್ತು. ಗುರುವಾರ ಬೆಳಿಗ್ಗೆ ತಲೆಭಾರ ಹೊತ್ತುಕೊಂಡೇ ಬಂದಳು. ನೋಡಿದರೆ ಅಕ್ಕ ಅವಳಿಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದಾಳೆ.

‘ಬೇಗ ಮುಗಿಸೇ. ಹತ್ತು ಗಂಟೆಗೆ ಅಂಗಡಿ ತೆಗೀಬೇಕು.’

ದಿನವೂ ಮೊದಲು ಎದುರಿಗೆ ಯಾರನ್ನೂ ನಿಲ್ಲಿಸದೆ ಒಂದು ಖಾಲಿ ಚಿತ್ರ ತೆಗೆಯಬೇಕೆಂಬುದು ವಿಭಾಗದ ನಿಯಮ. ಯಂತ್ರದ ಕಲೆ ಯಾವುದು, ಮನುಷ್ಯನ ಕಲೆ ಯಾವುದು ಎಂದು ಗೊತ್ತಾಗುವುದು ಅದರಿಂದಲೇ. ಆ ನಿಯಮ ಬರೆದು ಗೋಡೆಗೆ ಅಂಟಿಸಿದವಳೂ ತಂಗಿಯೇ. ಅಂದು ಮಾತ್ರ ಮಧ್ಯಾಹ್ನ ತೆಗೆದರಾಯಿತು ಅಂದುಕೊಂಡಳು. ಮಧ್ಯಾಹ್ನ ಜ್ವರ ಮತ್ತೆ ಏರಿತು, ಮರೆತಳು.

ಅಕ್ಕ ಆಸ್ಪತ್ರೆಯ ನಿಲುವಂಗಿ ತೊಟ್ಟು ಬಂದು ಅದರ ಹೊಲಿಗೆ ಕಂಡು ಕೆಂಡವಾದಳು. ‘ಇದನ್ನ ಯಾರೇ ಹೊಲಿದದ್ದು? ಕಂಕುಳ ಹತ್ರ ಇಬ್ಬರು ಹೋಗಬಹುದು!’ ತಂಗಿ ಗಾಜಿನ ಆಚೆಯಿಂದ ‘ಉಸಿರು ಎಳೆದು ಹಿಡ್ಕೋ’ ಅಂದರೆ, ಅಕ್ಕ ಕೆನ್ನೆ ಉಬ್ಬಿಸಿ ಕಣ್ಣು ಮೇಲೆ ಮಾಡಿ ನಿಂತಳು. ತಂಗಿ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡಳು. ಮೂರನೇ ಸಲಕ್ಕೆ ಚಿತ್ರ ಬಂತು. ಚುಕ್ಕೆ ಕಂಡಿತು. ನಗು ಇನ್ನೂ ಮುಖದ ಮೇಲಿರುವಾಗಲೇ ಬಾಣವಿಟ್ಟಳು, ಗುಂಡಿ ಒತ್ತಿದಳು, ಬರೆದಳು. ನೊಣ ಇತ್ತು, ಓಡಿಸಿದೆ.

ಮರುದಿನ ಯಂತ್ರದ ಮೆಕ್ಯಾನಿಕ್ ತನ್ನ ಸಾಮಾನು ಒಯ್ಯಲು ಬಂದವನು, ಹಳೆಯ ಪ್ಲೇಟು ತೆಗೆದು ಹೊಸದು ಹಾಕಿದ್ದೇನೆ ಅಂದ. ಚಿತ್ರ ತೆಗೆದು ನೋಡಿದರೆ ನೊಣವಿಲ್ಲ. ವಿಭಾಗಕ್ಕೆ ವಿಭಾಗವೇ ಚಹಾ ಕುಡಿದು ಸಂಭ್ರಮಿಸಿತು. ಯಾರೋ ಬೋರ್ಡಿನ ಮೇಲೆ ನೊಣ ಬರೆದು, ಕೆಳಗೆ ‘ಅಗಲಿದ ಸಹೋದ್ಯೋಗಿಗೆ ಶ್ರದ್ಧಾಂಜಲಿ’ ಎಂದು ಬರೆದರು. ಪ್ಲೇಟು ಹಾಕಿದ್ದು ಯಾವಾಗ ಎಂದು ತಂಗಿ ಕೇಳಲಿಲ್ಲ. ಅಂದೇ ಬೆಳಿಗ್ಗೆ ಇರಬೇಕು ಅಂದುಕೊಂಡಳು. ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಾರೆ. ಆದರೆ ಅವಳು ಯಾರಾದರೂ ಅಲ್ಲ, ಅಳತೆ.

ಈ ವರ್ಷ ಅಕ್ಕನಿಗೆ ಕೆಮ್ಮು ಹತ್ತಿತು, ಬಿಡಲಿಲ್ಲ. ಬಟ್ಟೆಯ ಧೂಳು ಎಂದಳು, ಹವೆ ಎಂದಳು. ಒಂದು ದಿನ ಕರವಸ್ತ್ರದಲ್ಲಿ ರಕ್ತ ಕಂಡಿತು. ಬೇರೊಂದು ಆಸ್ಪತ್ರೆಯ ವೈದ್ಯೆ ಎಲ್ಲ ಪರೀಕ್ಷೆ ಮಾಡಿಸಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಗಡ್ಡೆ ಶ್ವಾಸಕೋಶ ದಾಟಿ ಹೋಗಿದೆ, ಕತ್ತರಿಸಿ ತೆಗೆಯುವ ಹಂತ ಮೀರಿದೆ, ಇನ್ನು ಔಷಧಿಯೇ ದಾರಿ.

‘ಹಳೇ ಚಿತ್ರ ಏನಾದ್ರೂ ಇದೆಯಾ?’ ವೈದ್ಯೆ ಕೇಳಿದರು. ‘ಇತ್ತೀಚೆಗೆ ಹುಟ್ಟಿ ಇಷ್ಟು ಬೇಗ ಬೆಳೆದದ್ದಾದ್ರೆ ಜೋರಾದ ಔಷಧಿನೇ ಕೊಡ್ಬೇಕಾಗುತ್ತೆ, ಮೈ ಹಿಂಡಿಬಿಡುತ್ತೆ ಅದು. ಮೊದಲೇ ಇದ್ದು ನಿಧಾನವಾಗಿ ಬೆಳೀತಿದ್ರೆ ಅಷ್ಟು ಕಷ್ಟ ಕೊಡಬೇಕಾಗಿಲ್ಲ.’

ಅಕ್ಕ ಆ ಸ್ಥಿತಿಯಲ್ಲೂ ಬೆನ್ನು ನೆಟ್ಟಗೆ ಮಾಡಿಕೊಂಡಳು. ‘ಇದೆ ಡಾಕ್ಟ್ರೇ. ಹೋದ ವರ್ಷ ನನ್ನ ತಂಗಿನೇ ತೆಗೆದಿದ್ಲು. ಏನೂ ಇರಲಿಲ್ಲ. ಇವಳ ಕಣ್ಣಿನಿಂದ ಏನೂ ತಪ್ಪಿಸಿಕೊಳ್ಳಲ್ಲ.’

ತಂಗಿ ಅಂದೇ ಮಧ್ಯಾಹ್ನ ಆ ಚಿತ್ರ ಹುಡುಕಿದಳು. ಸ್ವಚ್ಛ ಚಿತ್ರದಲ್ಲಿ ಏನೂ ಇರಲಿಲ್ಲ. ಅದನ್ನು ನಕಲು ಮಾಡಿಕೊಂಡು ಏಳಬೇಕೆಂದಿದ್ದವಳು, ಯಾವುದಕ್ಕೂ ಇರಲಿ ಎಂದು ಹಸಿ ಚಿತ್ರವನ್ನೂ ತೆರೆದಳು. ನೊಣ ಇತ್ತು. ಇರಲೇಬೇಕಲ್ಲ. ಆದರೂ ಏನೋ ಸರಿಯಿಲ್ಲ ಅನ್ನಿಸಿತು. ಸ್ಕೇಲು ತೆರೆದು ಅಳೆದಳು. ನೊಣದ ಜಾಗ ಅವಳಿಗೆ ಬಾಯಿಪಾಠ: ಮೇಲಂಚಿನಿಂದ ನೂರ ಹನ್ನೆರಡು ಮಿಲಿಮೀಟರ್, ಎಡದಿಂದ ಎಂಬತ್ತೇಳು. ಇದು ಮೇಲಿನಿಂದ ನೂರ ಮೂವತ್ತೊಂದರಲ್ಲಿತ್ತು. ಹತ್ತೊಂಬತ್ತು ಮಿಲಿಮೀಟರ್ ಕೆಳಗೆ. ಮತ್ತೆ ಅಳೆದಳು. ಹತ್ತೊಂಬತ್ತೇ.

ಯಂತ್ರದ ಪಕ್ಕದ ಮೊಳೆಗೆ ಮೆಕ್ಯಾನಿಕ್‌ನ ಪುಸ್ತಕ ನೇತಾಡುತ್ತಿತ್ತು. ಹದಿನಾಲ್ಕು ತಿಂಗಳಿಂದ ಅಲ್ಲೇ ಇತ್ತು, ಕೈಗೆಟುಕುವಷ್ಟು ಹತ್ತಿರ. ಪುಟ ತಿರುವಿದಳು. ‘ಹಳೆ ಪ್ಲೇಟು ತೆಗೆದು ಹೊಸದು ಹಾಕಿದೆ.’ ತಾರೀಖು ನೋಡಿದಳು. ಮಂಗಳವಾರ.

ಮಂಗಳವಾರದಿಂದ ಶುಕ್ರವಾರದ ತನಕ ಆ ಯಂತ್ರದ ಎದುರು ನಿಂತವರು ಒಬ್ಬರೇ ಒಬ್ಬರು. ನೊಣ ಆಗಲೇ ಹೋಗಿತ್ತು. ಅವಳು ಓಡಿಸಿದ್ದು ನೊಣವನ್ನಲ್ಲ.

ಅಳು ಬರಲಿಲ್ಲ. ಭಯ ಬಂತು. ಅಕ್ಕ ಹೋಗಿಬಿಡುತ್ತಾಳೆ ಎಂಬ ಭಯಕ್ಕಿಂತ ಅಕ್ಕನಿಗೆ ಇದು ಗೊತ್ತಾಗುತ್ತದೆ ಎಂಬ ಭಯ ದೊಡ್ಡದಿತ್ತು. ಅದಕ್ಕಾಗಿ ತನ್ನ ಮೇಲೆಯೇ ಅಸಹ್ಯವಾಯಿತು. ಎರಡು ಚಿತ್ರಗಳೂ ಪರದೆಯ ಮೇಲೆ ಅಕ್ಕಪಕ್ಕ ಇದ್ದವು. ಸ್ವಚ್ಛ ಚಿತ್ರ ಕೊಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅಕ್ಕ ಕೊನೆಯತನಕ ‘ನನ್ನ ತಂಗಿ’ ಎಂದು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾಳೆ. ಆದರೆ ಅದನ್ನು ನಂಬಿ ವೈದ್ಯೆ ಆ ಮೈ ಹಿಂಡುವ ಔಷಧಿ ಕೊಡುತ್ತಾರೆ. ಒಂದು ಸಲ ಅಳಿಸಿದ್ದು ತಪ್ಪಿನಿಂದ. ಈಗ ಮುಚ್ಚಿಟ್ಟರೆ ಅದು ತಪ್ಪಲ್ಲ, ಬೇರೆಯದೇ ಏನೋ. ಹಸಿ ಚಿತ್ರವನ್ನು ಲಕೋಟೆಯಲ್ಲಿಟ್ಟುಕೊಂಡು ಅವಳು ಮೊದಲು ಅಂಗಡಿಗೆ ಹೋದಳು.

ಅಕ್ಕ ಹೊಲಿಯುತ್ತಿದ್ದಳು. ತಂಗಿ ನಿಂತೇ ಹೇಳಿದಳು. ಜ್ವರ, ಖಾಲಿ ಚಿತ್ರ, ಪ್ಲೇಟು, ಮಂಗಳವಾರ, ಎಲ್ಲ. ಹೊಲಿಗೆ ಯಂತ್ರ ನಿಂತಿತು.

‘ನೀನು ಅದನ್ನ ನೋಡಿದ್ಯಾ?’

‘ನೋಡ್ದೆ ಅಕ್ಕ.’

‘ಕಾಣಿಸ್ಲಿಲ್ಲ ಅಂತಲ್ಲ.’

‘ಅಲ್ಲ. ಕಾಣಿಸ್ತು. ಕಂಡು ಅಳಿಸ್ದೆ.’

‘ಎಷ್ಟಿತ್ತು?’

‘ಮೆಣಸಿನ ಕಾಳಿನಷ್ಟು.’

‘ಅವತ್ತೇ ಗೊತ್ತಾಗಿದ್ರೆ ಕತ್ತರಿಸಿ ತೆಗೀಬಹುದಿತ್ತು. ಅಲ್ವಾ?’

ಅಕ್ಕ ಸೂಜಿಯ ಕೆಳಗಿನ ಬಟ್ಟೆಯನ್ನು ಹೊರಗೆಳೆದು ಮಡಚಿಟ್ಟಳು.

‘ಬಿಸ್ಕತ್ತಿಗೆ ಸ್ಕೇಲು ಹಿಡಿದೋಳು ನೀನು,’ ಅಂದಳು. ದನಿ ಏರಿರಲಿಲ್ಲ. ಏರಿದ್ದರೆ ತಡೆದುಕೊಳ್ಳಬಹುದಿತ್ತು. ‘ನನಗೊಬ್ಬಳಿಗೆ ಕಣ್ಣಳತೆ ಸಾಕಾಯ್ತಾ? ಹೋಗು. ಆ ಡಾಕ್ಟ್ರಿಗೆ ಕೊಡೋದನ್ನ ಕೊಡು. ಇಲ್ಲಿಗೆ ಬರಬೇಡ.’

ತಂಗಿ ಕೊಟ್ಟಳು. ವೈದ್ಯೆ ಹಸಿ ಚಿತ್ರವನ್ನು ಈಗಿನ ಚಿತ್ರದ ಪಕ್ಕ ಇಟ್ಟು ನೋಡಿದರು, ನಡೆದದ್ದನ್ನು ಕೇಳಿದರು. ಗಡ್ಡೆ ನಿಧಾನದ ಜಾತಿಯದು ಎಂದು ತೀರ್ಮಾನಿಸಿ ಔಷಧಿ ಬದಲಿಸಿದರು. ಗುಣವಾಗುವ ಮಾತು ಇರಲಿಲ್ಲ, ಒಂದಷ್ಟು ದಿನ ನೋವು ಕಡಿಮೆ ಇರುತ್ತದೆ ಅಂದರು. ವಿಭಾಗದಲ್ಲಿ ತಂಗಿ ನಡೆದದ್ದನ್ನೆಲ್ಲ ಬರೆದು ಮೇಲಿನವರ ಮುಂದಿಟ್ಟಳು. ರಿಜಿಸ್ಟರಿನಲ್ಲಿ ಆ ಗುರುವಾರದ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ತಿದ್ದಿದಳು: ನೊಣ ಇರಲಿಲ್ಲ. ಕೆಳಗೆ ಸಹಿ ಹಾಕಿದಳು.

ಎರಡು ತಿಂಗಳು ಅಕ್ಕ ಮುಖ ಕೊಟ್ಟು ಮಾತಾಡಲಿಲ್ಲ. ತಂಗಿ ದಿನವೂ ಕೆಲಸ ಮುಗಿಸಿ ಅಂಗಡಿಯ ಎದುರಿನ ಬಸ್ ನಿಲ್ದಾಣದಲ್ಲಿ ಕೂರುತ್ತಿದ್ದಳು. ಬಸ್ಸುಗಳು ಬಂದು ಹೋಗುತ್ತಿದ್ದವು, ಇವಳು ಯಾವುದನ್ನೂ ಹತ್ತುತ್ತಿರಲಿಲ್ಲ. ಗಾಜಿನ ಆಚೆ ಅಕ್ಕ ಹೊಲಿಯುವುದು ಕಾಣುತ್ತಿತ್ತು. ಬರಬರುತ್ತ ಹೊಲಿಯುವುದಕ್ಕಿಂತ ಸುಮ್ಮನೆ ಕೂತಿರುವುದೇ ಹೆಚ್ಚಾಯಿತು. ಅಕ್ಕನಿಗೆ ಅವಳು ಅಲ್ಲಿರುವುದು ಗೊತ್ತಿತ್ತು. ಒಮ್ಮೆಯೂ ತಲೆಯೆತ್ತಿ ನೋಡಲಿಲ್ಲ.

ಒಂದು ಸಂಜೆ ಬಾಗಿಲು ತೆರೆದು, ಚೌಕಟ್ಟು ಹಿಡಿದು ನಿಂತು ಕೂಗಿದಳು.

‘ಏ ಅಳತೆ! ಬಾ ಇಲ್ಲಿ.’

ತಂಗಿ ರಸ್ತೆ ದಾಟಿದ್ದು ಹೇಗೆಂದು ಅವಳಿಗೇ ಗೊತ್ತಿಲ್ಲ. ಹತ್ತಿರದಿಂದ ನೋಡಿದಳು. ತಾನೇ ಹೊಲಿದುಕೊಂಡ ಅಂಗಿಯೊಳಗೆ ಅಕ್ಕ ಅರ್ಧ ಮಾತ್ರ ಇದ್ದಳು.

‘ಕ್ಷಮಿಸಿಬಿಟ್ಟೆ ಅಂದ್ಕೋಬೇಡ,’ ಅಂದಳು ಅಕ್ಕ. ಒಂದೊಂದು ಮಾತಿಗೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ‘ಬಟ್ಟೆಯೆಲ್ಲ ಜೋಲಾಡ್ತಿದೆ. ಹೊಲಿಗೆ ಹಾಕಿ ಬಿಗಿ ಮಾಡ್ಬೇಕು. ನನ್ನ ಅಳತೆ ನಾನೇ ತಗೊಳ್ಳೋಕಾಗಲ್ವಲ್ಲ.’ ಕೊರಳಿನ ಟೇಪು ತೆಗೆದು ಮುಂದೆ ಹಿಡಿದಳು.

ತಂಗಿ ಟೇಪನ್ನು ಅಕ್ಕನ ಬೆನ್ನಿನಿಂದ ಸುತ್ತಿ ಎದೆಯ ಮೇಲೆ ತಂದಳು. ಬಟ್ಟೆಯ ಕೆಳಗೆ ಪಕ್ಕೆಲುಬು ಒಂದೊಂದಾಗಿ ಕೈಗೆ ಸಿಕ್ಕವು. ಹಳೆಯ ಅಳತೆ ಮೂವತ್ತಾರು, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

‘ಮೂವತ್ತೂವರೆ,’ ಅಂದಳು.

‘ಸರಿಯಾಗಿ ನೋಡಿದ್ಯಾ?’

‘ನೋಡ್ದೆ.’

‘ಇನ್ನೊಂದು ಸಲ ನೋಡು.’

ತಂಗಿ ಕಣ್ಣೊರೆಸಿಕೊಂಡು, ಬಾಗಿ, ಟೇಪಿನ ಗೆರೆಗಳಿಗೆ ಮುಖ ಹತ್ತಿರ ತಂದು ಮತ್ತೆ ನೋಡಿದಳು. ಅಕ್ಕ ಉಸಿರೆಳೆದುಕೊಂಡಾಗ ಟೇಪು ಬೆರಳ ನಡುವೆ ಸರಿಯಿತು. ಬಿಟ್ಟಾಗ ಮತ್ತೆ ಸಡಿಲವಾಯಿತು. ಅವಳು ಮೂರು ಉಸಿರು ಕಾದಳು.

‘ಉಸಿರು ಎಳೆದಾಗ ಮೂವತ್ತೊಂದು. ಬಿಟ್ಟಾಗ ಮೂವತ್ತೂವರೆ. ಯಾವುದು ಬರ್ಕೊಳ್ಲಿ ಅಕ್ಕ?’

‘ಎಳೆದಾಗಿನದು ಬರ್ಕೋ,’ ಅಂದಳು ಅಕ್ಕ. ‘ಉಸಿರಾಡೋಕೆ ಜಾಗ ಇರಲಿ.’

ತಂಗಿ ಸೀಮೆಸುಣ್ಣ ತೆಗೆದುಕೊಂಡು ಬಟ್ಟೆಯ ಅಂಚಿನಲ್ಲಿ ಮೂವತ್ತೊಂದು ಎಂದು ಬರೆದಳು.